ಎಲ್‌ಇಡಿ ದೀಪದ ಪರಿವರ್ತಕ: ನಷ್ಟದ ಲೆಕ್ಕ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ವಸತಿ ಸೊಸೈಟಿಗಳಲ್ಲಿ ಮೆಟ್ಟಿಲ ಬಳಿಯ ಎಲ್‌ಇಡಿ ದೀಪ ಆರಿತೆಂದರೆ ಅದನ್ನು ಇಡಿಯಾಗಿ ಎಸೆಯುವುದು ವಾಡಿಕೆ. ಬಿಚ್ಚಿ ನೋಡಿದರೆ, ಬೆಳಕು ಬೀರುವ ಡಯೋಡುಗಳು ಎಷ್ಟೋ ವೇಳೆ ಸುಸ್ಥಿತಿಯಲ್ಲಿಯೇ ಇರುತ್ತವೆ. ಕೆಟ್ಟಿರುವುದು ಅವಕ್ಕೆ ವಿದ್ಯುತ್ತನ್ನು ಹದಮಾಡಿ ಒದಗಿಸುವ ಪರಿವರ್ತಕ. ಅಂಗಡಿಯವರು ‘ಡ್ರೈವರ್’ ಎನ್ನುವುದು ಇದನ್ನೇ.

ಹಳೆಯ ತಂತಿದೀಪಕ್ಕೆ ಇಂಥ ಮಧ್ಯವರ್ತಿ ಬೇಕಿರಲಿಲ್ಲ. ಪ್ರವಾಹ ಯಾವ ಕಡೆಗೆ ಹರಿದರೂ ತಂತಿ ಕಾದು ಬೆಳಗುತ್ತಿತ್ತು. ಬಿಳಿಯ ಎಲ್‌ಇಡಿಯಾದರೋ ಸುಮಾರು 3 ವೋಲ್ಟನ್ನು, ಅದೂ ಒಂದೇ ದಿಕ್ಕಿನಲ್ಲಿ, ಬೇಡುತ್ತದೆ. ಮನೆಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ ಪರ್ಯಾಯ ಪ್ರವಾಹ. ಮೇಲಾಗಿ ವೋಲ್ಟ್ ತುಸು ಏರಿದರೂ ಎಲ್‌ಇಡಿಯ ಪ್ರವಾಹ ಮಿತಿಮೀರುವುದರಿಂದ, ಪ್ರವಾಹವನ್ನೇ ಸ್ಥಿರವಾಗಿಡಬೇಕಾಗುತ್ತದೆ. ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ 1925ರಲ್ಲಿ ಆರಂಭವಾದ ಏಕಮುಖ ಪ್ರವಾಹವು 2016ರಲ್ಲಿ ಪೂರ್ಣವಾಗಿ ನಿಂತು, 25,000 ವೋಲ್ಟಿನ ಪರ್ಯಾಯ ಪ್ರವಾಹಕ್ಕೆ ಎಡೆಗೊಟ್ಟಿತು. ಇಂದಿನ ಕಲ್ಯಾಣದ ಲೋಕಲ್ ಗಾಡಿ ತನ್ನ ಪರಿವರ್ತಕವನ್ನು ತಾನೇ ಹೊತ್ತು ಓಡುತ್ತದೆ. ಎಲ್‌ಇಡಿ ದೀಪವೂ ಮಾಡುವುದು ಅದನ್ನೇ, ಅಂಗೈಯಗಲದಲ್ಲಿ.

ಪರಿವರ್ತಕದೊಳಗೆ ನಾಲ್ಕು ಡಯೋಡುಗಳು ಪ್ರವಾಹವನ್ನು ಏಕಮುಖವಾಗಿಸುತ್ತವೆ. ಬಳಿಕ ಟ್ರಾನ್ಸಿಸ್ಟರೊಂದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಂಡಲವನ್ನು ಮುಚ್ಚಿ ತೆರೆಯುತ್ತದೆ. ಸುರುಳಿಯು ಶಕ್ತಿಯನ್ನು ಹಿಡಿದು ಬಿಡುತ್ತದೆ. ಪ್ರತಿ ಹಂತದಲ್ಲಿಯೂ ಒಂದಷ್ಟು ಶಕ್ತಿ ಉಷ್ಣವಾಗಿ ಸೋರುತ್ತದೆ. ಡಯೋಡುಗಳಿಗೆ 18 ವಾಟ್ ಒದಗಿಸಬೇಕೆನ್ನೋಣ. 6 ವೋಲ್ಟಿನಲ್ಲಿ ಕೊಟ್ಟರೆ 3 ಆಂಪಿಯರ್ ಹರಿಯಬೇಕು. ಹೊರದಾರಿಯ ಡಯೋಡು ಅರ್ಧ ವೋಲ್ಟನ್ನು ನುಂಗಿದರೂ ನಷ್ಟ 1.5 ವಾಟ್. ಇಪ್ಪತ್ತು ಎಲ್‌ಇಡಿಗಳನ್ನು ಸಾಲಾಗಿ ಪೋಣಿಸಿ 60 ವೋಲ್ಟಿನಲ್ಲಿ ಕೊಟ್ಟರೆ ಸಾಕಾಗುವುದು 0.3 ಆಂಪಿಯರ್, ಆಗ ಒಂದು ವೋಲ್ಟೇ ಹೋದರೂ ನಷ್ಟ 0.3 ವಾಟ್ ಮಾತ್ರ. ಇದಕ್ಕಿಂತ ಅಗ್ಗದ ಸುಧಾರಣೆ ಬೇರೊಂದಿರಲಾರದು. ಡಯೋಡಿನ ಬದಲು ಅಲ್ಪರೋಧದ ಟ್ರಾನ್ಸಿಸ್ಟರನ್ನು ಇಡುವುದು, ವೋಲ್ಟ್ ಸೊನ್ನೆಗಿಳಿದ ಕ್ಷಣದಲ್ಲೇ ಮಂಡಲವನ್ನು ಮುಚ್ಚುವುದು, ಇವು ಉಳಿದ ಉಪಾಯಗಳು.

ದಕ್ಷತೆಯು ಶೇಕಡ 80 ಆದರೆ ಈ ದೀಪ ಎಳೆಯುವುದು 22.5 ವಾಟ್, ಶೇಕಡ 90 ಆದರೆ 20 ವಾಟ್. ರಾತ್ರಿ ಹನ್ನೆರಡು ಗಂಟೆ ಉರಿದರೆ ವರ್ಷಕ್ಕೆ ಉಳಿಯುವುದು ಸುಮಾರು 11 ಯೂನಿಟ್, ದೊಡ್ಡ ಮೊತ್ತವೇನಲ್ಲ. ಆದರೆ ಪರಿವರ್ತಕದ ಉಷ್ಣವು 4.5 ವಾಟಿನಿಂದ 2 ವಾಟಿಗೆ, ಎಂದರೆ ಅರ್ಧಕ್ಕಿಂತಲೂ ಕೆಳಗೆ, ಇಳಿಯುತ್ತದೆ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧವಾಗುವುದರಿಂದ, ನಿಜವಾದ ಲಾಭವಿರುವುದು ಇಲ್ಲಿಯೇ. ಹುಳು ಬಾರದಿರಲೆಂದು ಎಲ್ಲ ಕಡೆಯೂ ಮುಚ್ಚಿದ ಗೂಡಿನಲ್ಲಿ ಈ ಉಷ್ಣಕ್ಕೆ ಹೊರಹೋಗಲು ದಾರಿಯೇ ಸಾಲದು.

ಡ್ರೈವರ್ ಬೇರೆಯಾಗಿರುವ ದೀಪಗಳಲ್ಲಿ ಅದನ್ನಷ್ಟೇ ಬದಲಿಸಬಹುದು. ವಾಟ್ ಒಂದನ್ನೇ ನೋಡಿ ಕೊಂಡರೆ ಸಾಲದು. ಹಳೆಯದರ ಮೇಲೆ ಅಚ್ಚಾದ ಮಿಲಿಆಂಪಿಯರ್ ಹೊಸದಕ್ಕೂ ಹೊಂದಬೇಕು, ಡಯೋಡುಸಾಲಿನ ಒಟ್ಟು ವೋಲ್ಟ್ ಅದರ ಮಿತಿಯೊಳಗಿರಬೇಕು.