ಕುರಿಚಿಯಲ್ಲಿ ವಳ್ಳಿಯ ಮದುವೆ

ಮೇ ತಿಂಗಳ ಸಂಜೆ ಪಾಲಕ್ಕಾಡಿನ ಕಡೆಯಿಂದ ಹೊರಟ ಗಾಳಿ ಕೊಯಮತ್ತೂರಿನ ಕುರಿಚಿ ಕೆರೆಯ ಮೇಲೆ ಹಾದು ಬರುವ ಹೊತ್ತಿಗೆ ಸಿಡ್ಕೋ ಎಸ್ಟೇಟಿನ ಶೆಡ್ಡುಗಳಲ್ಲಿ ಲೇತುಗಳು ಒಂದೊಂದಾಗಿ ನಿಲ್ಲುತ್ತವೆ. ಅಂಗಿಗೆ ಎಣ್ಣೆ ವಾಸನೆ ಹತ್ತಿಸಿಕೊಂಡ ಹುಡುಗರು ಬೈಕು ಹತ್ತಿ ಪೊಳ್ಳಾಚಿ ರಸ್ತೆಗೆ ನುಗ್ಗುತ್ತಾರೆ. ಮುನ್ನೂರು ಎಕರೆಗೂ ಮಿಕ್ಕಿದ ಕೆರೆಯ ಏರಿಯ ಮೇಲೆ ವಾಕಿಂಗಿನವರು, ಬಜ್ಜಿ ಗಾಡಿಗಳು, ಮತ್ತೆ ತಮಿಳು ಅಕ್ಷರಗಳನ್ನೇ ಹೆಣೆದು ನಿಲ್ಲಿಸಿದ ತಿರುವಳ್ಳುವರ್. ಈ ಗದ್ದಲ ಬಿಟ್ಟು ಒಳಗಿನ ಬೀದಿಗೆ ತಿರುಗೋಣ ಬನ್ನಿ. ಗುಡಿಯ ಮುಂದಿನ ಬಯಲಿನಲ್ಲಿ ಚಪ್ಪಲಿಗಳ ರಾಶಿ ಬಿದ್ದಿದೆ. ಟ್ಯೂಬ್‌ಲೈಟಿನ ಕೆಳಗೆ ಬೇಸಿಗೆ ರಜೆಯ ಮಕ್ಕಳು, ಕಾಲೇಜು ಹುಡುಗಿಯರು, ಅವರ ಜೊತೆಗೆ ಒಂದಿಬ್ಬರ ಅಮ್ಮಂದಿರೂ ಸಾಲುಗಟ್ಟಿ ನಿಂತಿದ್ದಾರೆ.

ಕುಣಿತ ಕಲಿಸುವ ವಾತಿಯಾರ್ ಮೈಕು ಹಿಡಿದು ಒಂದು ಸಾಲು ಎಳೆದರೆ ಅದೇ ಸಾಲು ನಲವತ್ತೈವತ್ತು ಗಂಟಲಲ್ಲಿ ಅವರಿಗೇ ವಾಪಸ್ಸು ಬರುತ್ತದೆ. ಬಲಗಾಲು ಮುಂದೆ, ಚಪ್ಪಾಳೆ, ಅರ್ಧ ಸುತ್ತು, ಬಗ್ಗಿ ಮತ್ತೊಂದು ಚಪ್ಪಾಳೆ. ಎರಡನೇ ಸಾಲಿನ ಕನ್ನಡಕದ ಹುಡುಗಿ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ, ಪಕ್ಕದವಳ ಮೂಗಿಗೇ ಹೋಗಿ ತಾಗುತ್ತಾಳೆ. ನಗೆಯೆದ್ದು ಸಾಲು ಕಲಸಿಹೋಗುತ್ತದೆ. ವಾತಿಯಾರ್ ಗದರುವುದಿಲ್ಲ, ಹಾಡನ್ನೂ ನಿಲ್ಲಿಸುವುದಿಲ್ಲ. ಅದೇ ಸಾಲನ್ನು ಇನ್ನಷ್ಟು ನಿಧಾನಕ್ಕೆ ಎಳೆಯುತ್ತಾರೆ, ಅಷ್ಟರಲ್ಲಿ ಕಾಲುಗಳು ತಮ್ಮ ದಾರಿ ತಾವೇ ಹುಡುಕಿಕೊಳ್ಳುತ್ತವೆ. ದೂಳೆದ್ದು ಬೆವರಿಗೆ ಅಂಟಿ, ಮುಡಿದ ಮಲ್ಲಿಗೆಯ ಜೊತೆ ಸೇರಿ ವಿಚಿತ್ರ ಘಮ.

ಇದು ಕೊಂಗುನಾಡಿನ ವಳ್ಳಿ ಕುಮ್ಮಿ. ಹಾಡಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಬೇಡರ ನಂಬಿರಾಜನ ಸಾಕುಮಗಳು ವಳ್ಳಿ ನವಣೆ ಹೊಲ ಕಾಯುತ್ತಾ ಕವಣೆ ಬೀಸಿ ಹಕ್ಕಿ ಓಡಿಸುತ್ತಿರುತ್ತಾಳೆ. ಮುರುಗ ಬೇಟೆಗಾರನಾಗಿ ಬರುತ್ತಾನೆ, ಮರವಾಗಿ ನಿಲ್ಲುತ್ತಾನೆ, ಮುದುಕನಾಗಿ ನೀರು ಕೇಳುತ್ತಾನೆ. ಯಾವ ಉಪಾಯವೂ ಸಾಗದೆ ಅಣ್ಣ ಗಣಪನನ್ನು ಆನೆ ಮಾಡಿ ಕರೆಸುತ್ತಾನೆ. ಮದುವೆಯ ತನಕ ಇಷ್ಟನ್ನೂ ಹಾಡುತ್ತಲೇ ಕುಣಿಯಬೇಕು, ಎರಡು ಮೂರು ಗಂಟೆ. ಕನ್ನಡದ ಕಣ್ಣಿಗೆ ಇದೇನೂ ದೂರದ ಆಟ ಅನ್ನಿಸುವುದಿಲ್ಲ. ನಮ್ಮ ಕೊಳ್ಳೇಗಾಲ 1956ರ ತನಕ ಇದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಮಾದಪ್ಪನ ದೇವರಗುಡ್ಡರು ಕಂಸಾಳೆ ಬೀಸುತ್ತಾ ಬಗ್ಗಿ ಏಳುವುದನ್ನು ಕಂಡವರಿಗೆ ಈ ಬಗ್ಗುವಿಕೆಯ ಗುರುತು ಹತ್ತುತ್ತದೆ. ಇತ್ತ ದೇವಾಂಗ ನೇಕಾರರ, ಒಕ್ಕಲಿಗರ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಮಾತು ಕನ್ನಡವೇ. ಅದಕ್ಕೆ ತಮಿಳು ಎಷ್ಟು ಬೆರೆತಿದ್ದರೂ ಬೈಗುಳವಂತೂ ಅಪ್ಪಟ.

ಹಿಂದೆ ಇದು ಗಂಡಸರ ಕುಣಿತ. ಹೆಣ್ಣುಮಕ್ಕಳು ಅಂಚಿನಲ್ಲಿ ಕೂತು ನೋಡುವವರು. ಆ ಅಂಚಿನಿಂದ ಅವರನ್ನು ಎಬ್ಬಿಸಿ ನಡುವೆ ತಂದು ಕಲಿಸಿದವರಲ್ಲಿ ದೊಡ್ಡ ಹೆಸರು ಇದೇ ಜಿಲ್ಲೆಯ ಎಂ. ಬದ್ರಪ್ಪನ್ ಅವರದು. 2024ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 87. ಈಗ ಇಂಥ ಬಯಲುಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಹುಡುಗರು ಹಿಂದಿನ ಸಾಲಿನಲ್ಲಿ ಸಂಕೋಚದಿಂದ ಸೊಂಟ ಬಗ್ಗಿಸುತ್ತಾರೆ.

ಒಂದೂವರೆ ಎರಡು ತಿಂಗಳ ಸಂಜೆಗಳು ಮುಗಿದು, ಅರಂಗೇಟ್ರಂ, ಅಂದರೆ ರಂಗಪ್ರವೇಶ, ಆಗಿ, ಕಾಲಿನ ಗೆಜ್ಜೆ ಬಿಚ್ಚಿಟ್ಟ ಮೇಲೆ ಏನು ಉಳಿಯುತ್ತದೆ? ಪಕ್ಕದ ಸಾಲಿಗೆ ಹೆಜ್ಜೆ ತೋರಿಸುತ್ತಿರುವ ಆ ಹೆಂಗಸನ್ನು ನೋಡಿ. ಹಗಲು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ. ಸ್ಕೂಲಿನ ರಜೆಯಲ್ಲಿ ಕಲಿತದ್ದು, ಈಗ ವಾತಿಯಾರಿಗೆ ಗಂಟಲು ಕಟ್ಟಿದ ದಿನ ಮೈಕು ಇವಳ ಕೈಗೆ. ಇವಳು ಸಂಗೀತಗಾರ್ತಿ ಆಗಲಿಲ್ಲ, ಆಗುವ ಆಸೆಯೂ ಇದ್ದಂತಿಲ್ಲ. ಆದರೆ ನೂರು ಜನರ ಮುಂದೆ ದನಿ ಎತ್ತುವಾಗ ಸೆರಗಿನ ತುದಿ ಹುಡುಕುವುದಿಲ್ಲ. ಕುಮ್ಮಿ ಹರಡುವುದೂ ಹೀಗೇ. ಒಂದೂರಲ್ಲಿ ಕಲಿತವರು ಮುಂದೆ ಬೇರೊಂದೂರಿನಲ್ಲಿ ಕಲಿಸುವವರಾಗುತ್ತಾರೆ. ಇದಕ್ಕೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಯಾರೂ ಒಬ್ಬಂಟಿಯಾಗಿ ಚೆನ್ನಾಗಿ ಕುಣಿದು ಮೆರೆಯುವ ಹಾಗೂ ಇಲ್ಲ. ಮುಂದಿದ್ದವಳು ಅರ್ಧ ತಾಳ ತಡಮಾಡಿದರೆ ಹಿಂದಿನವಳೂ ಕಾಯಲೇಬೇಕು. ಈ ಕಾಯುವುದನ್ನು ರಾಗ ತಾಳಕ್ಕಿಂತ ಮೊದಲೇ ಮೈ ಕಲಿತುಬಿಡುತ್ತದೆ ಎಂದು ನನ್ನ ಲೆಕ್ಕ.

2024ರಲ್ಲಿ ಈರೋಡ್ ಜಿಲ್ಲೆಯ ಪೆರುಂದುರೈಯಲ್ಲಿ ಸುಮಾರು 16,000 ಹೆಂಗಸರು ಒಟ್ಟಿಗೆ ಕುಮ್ಮಿ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಅಷ್ಟು ದೊಡ್ಡ ಬಯಲಿನಲ್ಲಿ ಪಕ್ಕದವಳ ಚಪ್ಪಾಳೆ ಕೇಳಿಸಿತೋ ಇಲ್ಲವೋ. ಸಂಖ್ಯೆ ಬೆಳೆದಲ್ಲಿಗೆ ಜಾತಿ, ರಾಜಕೀಯ ಬರದೆ ಇರುವುದಿಲ್ಲ. ಒಂದು ಕಡೆ ಕುಮ್ಮಿ ಕಲಿಸುವವರೊಬ್ಬರು ಸ್ವಜಾತಿಯವರನ್ನೇ ಮದುವೆಯಾಗುತ್ತೇವೆಂದು ಹುಡುಗಿಯರಿಂದ ಆಣೆ ಹಾಕಿಸಿದ ವಿಡಿಯೊ ಹರಿದಾಡಿ, ದೊಡ್ಡ ಜಗಳವೇ ಆಯಿತು. ಹಾಡುತ್ತಿರುವುದು ಯಾರ ಕಥೆ ಎಂಬುದಾದರೂ ನೆನಪಿರಬೇಕಿತ್ತು. ಬೇಡರ ಹಟ್ಟಿಯ ಹುಡುಗಿ, ಮನೆಯವರಿಗೆ ಹೇಳದೆ ಕೇಳದೆ ತನಗೊಪ್ಪಿದವನ ಹಿಂದೆ ಹೊರಟುಹೋದವಳು! ಎಳೆಯ ವಯಸ್ಸಿನಲ್ಲಿ ಗುಂಪಿನೊಳಗೆ ಕಲಿತದ್ದು ಬಾಳನ್ನು ಆಳವಾಗಿ ತಿದ್ದುತ್ತದೆಂಬುದು ಆಣೆ ಹಾಕಿಸಿದವರಿಗೂ ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ.

ಇಲ್ಲಿ ಈ ಹೊತ್ತಿಗೆ ಅಂಥ ಆಣೆಯ ಮಾತಿಲ್ಲ, ಇರುವುದು ಸೀರೆಯ ತಕರಾರು. ಅರಂಗೇಟ್ರಂ ದಿನ ಎಲ್ಲರದ್ದೂ ಒಂದೇ ಬಣ್ಣ ಇರಬೇಕು. ಮುಂದಿನ ಸಾಲಿನವರಿಗೆ ಗಿಳಿಹಸಿರು ಬೇಕು, ಅಮ್ಮಂದಿರಿಗೆ ಅರಿಶಿನ. ಗಂಡುಮಕ್ಕಳಿಗೆ ಬಿಳಿ ಪಂಚೆ ನಿಕ್ಕಿಯಾಗಿರುವುದರಿಂದ ಅವರು ಬಜ್ಜಿ ಗಾಡಿಯ ಕಡೆ ಜಾರಿದ್ದಾರೆ. ವಾತಿಯಾರ್ ಮೈಕಿನ ವೈರು ಸುತ್ತುತ್ತಾ, ಬಣ್ಣ ಯಾವುದಾದರೂ ಆಗಲಿ, ನಾಳೆ ಆರು ಗಂಟೆಗೆ ಆನೆ ಬರುವ ಪದ ಬಾಯಿಗೆ ಬಂದಿರಬೇಕು ಎನ್ನುತ್ತಾರೆ. ಯಾರೂ ಕೇಳಿಸಿಕೊಂಡ ಹಾಗಿಲ್ಲ.