ಚದರಿದ ಹುಲ್ಲುಗಾವಲುಗಳಲ್ಲಿ ಚಿಟ್ಟೆಯ ಕುಲ

ಫಿನ್ಲೆಂಡಿನ ನೈಋತ್ಯಕ್ಕೆ, ಬಾಲ್ಟಿಕ್ ಸಮುದ್ರದಲ್ಲಿ, ಓಲಂಡ್ ಎಂಬ ದ್ವೀಪಸಮೂಹವುಂಟು. ಅಲ್ಲಿನ ಬಂಡೆ, ಕಾಡು, ಹೊಲಗಳ ನಡುವೆ ಸುಮಾರು 4,000 ಒಣ ಹುಲ್ಲುಗಾವಲುಗಳು ಚದರಿಕೊಂಡಿವೆ. ಬಹುಪಾಲು ತೀರ ಚಿಕ್ಕವು. ಗ್ಲ್ಯಾನ್‌ವಿಲ್ ಫ್ರಿಟಿಲರಿ ಎಂಬ ಕಿತ್ತಳೆ ಬಣ್ಣದ ಚಿಟ್ಟೆಗೆ ಇವೇ ನೆಲೆ. ಇದರ ಕಂಬಳಿಹುಳುಗಳು ಒಟ್ಟುಗೂಡಿ ರೇಷ್ಮೆಯ ಬಲೆ ನೇಯ್ದು ಚಳಿಗಾಲವನ್ನು ಅದರೊಳಗೆ ಕಳೆಯುತ್ತವೆ. ಈ ಬಲೆಗಳನ್ನು ಎಣಿಸಿದರೆ ಅಲ್ಲಿನ ಚಿಟ್ಟೆಗಳ ಲೆಕ್ಕ ಸಿಕ್ಕಂತೆಯೇ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಇಲ್ಕ ಹಾನ್ಸ್ಕಿಯವರು 1990ರ ದಶಕದ ಆದಿಯಿಂದ 2016ರಲ್ಲಿ ತೀರಿಕೊಳ್ಳುವವರೆಗೆ ಈ ಚಿಟ್ಟೆಗಳನ್ನು ಅಭ್ಯಸಿಸಿದರು.

ನೆಲೆ ಚಿಕ್ಕದಾದರೆ ಆಗುವ ನಷ್ಟವೇನು? ನಾಣ್ಯವನ್ನು 1,000 ಸಲ ಚಿಮ್ಮಿದರೆ ಎರಡು ಮುಖಗಳೂ ಹೆಚ್ಚುಕಡಮೆ ಸಮನಾಗಿ ಬೀಳುವುವು; 10 ಸಲ ಮಾತ್ರ ಚಿಮ್ಮಿದರೆ 7 ಸಲ ಒಂದೇ ಮುಖ ಬಿದ್ದರೂ ಸೋಜಿಗವಿಲ್ಲ. ಆನುವಂಶಿಕ ಗುಣಗಳನ್ನು ಹೊರುವ ಜೀನುಗಳ ವಿಷಯವೂ ಹೀಗೆಯೇ. ತಾಯಿತಂದೆಗಳಲ್ಲಿ ಪ್ರತಿಯೊಬ್ಬರಲ್ಲಿಯೂ ಇರುವ ಜೋಡಿ ಜೀನುಗಳಲ್ಲಿ ಮರಿಗೆ ದೊರೆಯುವುದು ಒಂದೊಂದೇ, ಯಾವುದೆಂಬುದು ಆಕಸ್ಮಿಕ. ಆದುದರಿಂದ ಚಿಕ್ಕ ಗುಂಪಿನಲ್ಲಿ ಕೆಲವು ಬಗೆಯ ಜೀನುಗಳು ಸುಮ್ಮನೆ ಕಳೆದುಹೋಗುತ್ತವೆ. ಗಣಿತದ ಪ್ರಕಾರ, 1,000 ಜೀವಿಗಳು ಸಮನಾಗಿ ಸಂತಾನ ಪಡೆಯುವ ಗುಂಪು ಪ್ರತಿ ಪೀಳಿಗೆಯಲ್ಲಿ ತನ್ನ ವೈವಿಧ್ಯದ 2,000ದಲ್ಲಿ ಒಂದು ಪಾಲನ್ನು ಕಳೆದುಕೊಂಡರೆ, 10 ಜೀವಿಗಳ ಗುಂಪು 20ರಲ್ಲಿ ಒಂದು ಪಾಲನ್ನು ಕಳೆದುಕೊಳ್ಳುವುದು. ಒಂದೊಂದು ಗುಂಪು ಕಳೆದುಕೊಳ್ಳುವುದು ಒಂದೊಂದನ್ನು. ಆದ್ದರಿಂದಲೇ ನೆರೆಯ ಹುಲ್ಲುಗಾವಲುಗಳ ಚಿಟ್ಟೆಗಳೂ ಪರಸ್ಪರ ಭಿನ್ನವಾಗುತ್ತವೆ.

ಈ ನಷ್ಟ ಬರಿಯ ಲೆಕ್ಕದ ಮಾತೇ? ಅಲ್ಲ. ರಕ್ತಸಂಬಂಧಿಗಳೇ ಕೂಡಿದಾಗ ಮರಿಗೆ ದೋಷಯುಕ್ತ ಜೀನು ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚು. ಹಾನ್ಸ್ಕಿ ಮತ್ತು ಸಂಗಡಿಗರು ಓಲಂಡಿನ 42 ಗುಂಪುಗಳ ವೈವಿಧ್ಯವನ್ನು ಅಳೆದು, ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ಆ ಗುಂಪುಗಳಲ್ಲಿ 7 ನಿರ್ನಾಮವಾಗಿದ್ದವು. ಗುಂಪಿನ ಗಾತ್ರ, ನೆರೆಯವರಿಂದ ಇರುವ ದೂರ ಮುಂತಾದ ಕಾರಣಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ವೈವಿಧ್ಯ ಕಡಮೆಯಿದ್ದ ಗುಂಪುಗಳಿಗೇ ಅಳಿವಿನ ಭಯ ಹೆಚ್ಚೆಂದು ಕಂಡುಬಂದಿತು. ಅಂಥವುಗಳಲ್ಲಿ ಒಡೆಯುವ ಮೊಟ್ಟೆಗಳು ಕಡಮೆ, ಬದುಕುಳಿಯುವ ಹುಳುಗಳು ಕಡಮೆ, ಚಿಟ್ಟೆಯ ಆಯುಸ್ಸೂ ಕಡಮೆ.

ಆದರೆ ಭೇದಗಳೆಲ್ಲವೂ ಆಕಸ್ಮಿಕವಲ್ಲ. ಹಾರಾಟಕ್ಕೆ ಶಕ್ತಿಯೊದಗಿಸುವ ಕ್ರಿಯೆಯಲ್ಲಿ ಭಾಗವಹಿಸುವ ಕಿಣ್ವವೊಂದರ ಜೀನಿಗೆ ಹಲವು ರೂಪಗಳಿವೆ. ದೂರದ ಖಾಲಿ ಹುಲ್ಲುಗಾವಲಿನಲ್ಲಿ ಹೊಸದಾಗಿ ನೆಲಸಿದ ಹೆಣ್ಣುಗಳಲ್ಲಿ ಚುರುಕು ಹಾರಾಟಕ್ಕೆ ಒದಗುವ ರೂಪವೇ ಹೆಚ್ಚು. ಬಲಹೀನವಾಗಿ ಹಾರುವ ಚಿಟ್ಟೆ ಅಷ್ಟು ದೂರ ತಲಪುವುದಾದರೂ ಹೇಗೆ?

ಹೊರಗಿನಿಂದ ಬಂದ ಒಂದೆರಡು ಚಿಟ್ಟೆಗಳು ಹೊಸ ಜೀನುಗಳನ್ನು ತಂದು ಬಡವಾದ ಗುಂಪಿಗೆ ಚೈತನ್ಯ ನೀಡಬಲ್ಲವು. ಆದಕಾರಣ ಒಂದೇ ಹುಲ್ಲುಗಾವಲಿಗೆ ಬೇಲಿ ಹಾಕಿ ಕಾಯ್ದರೆ ಸಾಲದು. ಒಂದರಿಂದ ಇನ್ನೊಂದಕ್ಕೆ ಚಿಟ್ಟೆ ಹಾರಬಲ್ಲಷ್ಟು ಸಮೀಪದಲ್ಲಿ ಹಲವು ಹುಲ್ಲುಗಾವಲುಗಳು ಉಳಿಯಬೇಕು.