ಹಟ್ಟಿಯ ದೀಪಕ್ಕೆ ಇನ್ನೊಂದು ಸ್ವಿಚ್ಚು

ದೀಪ ಹಟ್ಟಿಯ ಬಾಗಿಲಲ್ಲಿ, ಅದರ ಸ್ವಿಚ್ಚು ಚಾವಡಿಯಲ್ಲಿ. ರಾತ್ರಿ ದನ ಕೂಗಿದರೆ ಅಜ್ಜಿ ಕತ್ತಲಲ್ಲೇ ನಡೆಯಬೇಕು. ಗೋಡೆ ಕೊರೆಯದೆ, ವಯರು ಎಳೆಯದೆ ಅವರ ಮಂಚದ ಬಳಿಯೇ ಇನ್ನೊಂದು ಸ್ವಿಚ್ಚು ಇಡಬಹುದು. ಒತ್ತಿದ ಬಲದಿಂದಲೇ ಸಂಕೇತ ಕಳುಹಿಸುವ, ಬ್ಯಾಟರಿ ಬೇಡದ ಗುಂಡಿಗಳಿವೆ, ಇಂಟರ್ನೆಟ್ಟೂ ಬೇಡ. ಸಂಕೇತ ಹಿಡಿಯುವ ರಿಸೀವರಿಗೆ ಮಾತ್ರ ಫೇಸ್, ನ್ಯೂಟ್ರಲ್ ಎರಡೂ ಬೇಕು. ಹಳೆ ಮನೆಗಳ ಸ್ವಿಚ್ಚುಪೆಟ್ಟಿಗೆಯಲ್ಲಿ ಅನೇಕ ಸಲ ನ್ಯೂಟ್ರಲ್ ಇರುವುದಿಲ್ಲ, ದೀಪದ ಬುಡದಲ್ಲಿರುತ್ತದೆ. ಅಲ್ಲೇ ಕೂರಿಸಲು ವಯರ್‌ಮನ್‌ಗೆ ಹೇಳಿ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಹೇಳಿದರೂ ಮಲಯಾಳದಲ್ಲಿ ಹೇಳಿದರೂ ಈ ಹೆಸರುಗಳು ಅವೇ! ಚಾವಡಿಯ ಹಳೆ ಸ್ವಿಚ್ಚು ಸದಾ ಆನ್ ಇರಲಿ. ಆರಿಸಿದರೆ ಅಜ್ಜಿಯ ಗುಂಡಿ ಕೆಲಸ ಮಾಡದು. ದೀಪಕ್ಕೆ ಕೈಹಾಕುವ ಮೊದಲು ಮೈನ್ ಆಫ್ ಮಾಡಿ. ಗುಂಡಿ ಒತ್ತಿ ಆರಿಸಿದರೂ ರಿಸೀವರಿನಲ್ಲಿ ಕರೆಂಟು ಇದ್ದೇ ಇರುತ್ತದೆ.